ನಮ್ಮ ಮೈಯೊಳಗೂ ಒಂದು ಕಾಲುವೆ

ನಾಟಿ ಹಚ್ಚುವ ದಿನಗಳು. ಬೆಳಿಗ್ಗೆಯಿಂದ ಬಗ್ಗಿದ ನಡು ಎತ್ತಿದರೆ ತಲೆ ಸುತ್ತುತ್ತದೆ. ಕಣ್ಣಿಗೆ ಕತ್ತಲೆ ಬರುತ್ತದೆ. "ಕೈಕಾಲಾಗ ಕಸುವೇ ಇಲ್ಲ ನೋಡವ್ವ" ಅಂತೀವಿ. "ಹೆಂಗಸರ ಬಾಳು ಇಷ್ಟೇ" ಅಂತ ಸುಮ್ಮನಾಗ್ತೀವಿ. ಇದು ನಮ್ಮ ಹಣೆಬರಹವೇ? ಅಲ್ಲ. ರಕ್ತ ಕಡಿಮೆ ಆಗಿರಬಹುದು. ರಕ್ತ ಮೈಯಲ್ಲಿ ಏನು ಕೆಲಸ ಮಾಡುತ್ತದೆ? ತಿಳಿಯೋಣ ಬನ್ನಿ.

ಕಾಲುವೆ ಮತ್ತು ರಕ್ತನಾಳ

ನಮ್ಮ ಸಿರುಗುಪ್ಪದ ಗದ್ದೆಗಳಿಗೆ ತುಂಗಭದ್ರೆಯ ನೀರು ಬರುತ್ತದೆ. ಮೊದಲು ದೊಡ್ಡ ಕಾಲುವೆ. ಅದರಿಂದ ಉಪಕಾಲುವೆ. ಆಮೇಲೆ ತೂಬು. ಕೊನೆಗೆ ನಮ್ಮ ಮಡಿ. ಮೈಯಲ್ಲಿ ರಕ್ತನಾಳಗಳೂ ಹೀಗೇ ಕವಲೊಡೆಯುತ್ತವೆ. ಕೊನೆಯ ನಾಳಗಳು ಕೂದಲಿಗಿಂತ ಸಣ್ಣವು.

ಆದರೆ ಎರಡು ವ್ಯತ್ಯಾಸ ಉಂಟು. ಕಾಲುವೆ ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ರಕ್ತ ತಲೆಗೂ ಏರಬೇಕು. ಅದಕ್ಕೆ ಪಂಪು ಬೇಕು. ಗುಂಡಿಗೆಯೇ ಆ ಪಂಪು. ಇನ್ನೊಂದು, ಗದ್ದೆಗೆ ಹೋದ ನೀರು ಅಣೆಕಟ್ಟಿಗೆ ವಾಪಸ್ ಬರೋದಿಲ್ಲ. ರಕ್ತ ಬೇರೆ ನಾಳಗಳಲ್ಲಿ ತಿರುಗಿ ಗುಂಡಿಗೆಗೇ ಬರುತ್ತದೆ. ಇದನ್ನು 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಪುಸ್ತಕ ಬರೆದು ತೋರಿಸಿಕೊಟ್ಟರು.

ಗುಂಡಿಗೆಯ ಕೆಲಸ

ಗುಂಡಿಗೆ ನಮ್ಮ ಮುಷ್ಟಿಯಷ್ಟು ದೊಡ್ಡದು. ಅದರಲ್ಲಿ 4 ಕೋಣೆಗಳಿವೆ. ಬಲಗಡೆಯ ಕೋಣೆಗಳು ರಕ್ತವನ್ನು ಪುಪ್ಪುಸಕ್ಕೆ ಕಳಿಸುತ್ತವೆ. ಅಲ್ಲಿ ರಕ್ತ ಪ್ರಾಣವಾಯು ತುಂಬಿಕೊಳ್ಳುತ್ತದೆ. ಆಮೇಲೆ ಎಡಗಡೆಗೆ ಬರುತ್ತದೆ. ಎಡಗಡೆಯ ಕೋಣೆ ಅದನ್ನು ಇಡೀ ಮೈಗೆ ತಳ್ಳುತ್ತದೆ. ನಡುವೆ ಒಂದೇ ಕಡೆ ತೆರೆಯುವ ಕದಗಳಿವೆ. ರಕ್ತ ಹಿಂದಕ್ಕೆ ಹರಿಯದಂತೆ ಅವು ತಡೆಯುತ್ತವೆ.

ಈಗ ಒಂದು ಕೆಲಸ ಮಾಡೋಣ. ಸುಮ್ಮನೆ ಕೂತುಕೊಳ್ಳಿ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಟಕ್ ಟಕ್ ಅಂತದಲ್ಲ, ಅದೇ ನಾಡಿ. ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 60ರಿಂದ 100ರ ಒಳಗೆ ಇರುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ ಗುಂಡಿಗೆ ಬಡಿಯುತ್ತದೆ. ನಾವು ಮಲಗಿದರೂ ಅದಕ್ಕೆ ರಜೆ ಇಲ್ಲ.

ಕೆಂಪು ಬಣ್ಣ ಎಲ್ಲಿಂದ ಬಂತು?

ದೊಡ್ಡವರ ಮೈಯಲ್ಲಿ 4ರಿಂದ 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಬಿಳಿ ಕಣಗಳು ರೋಗದ ಜೊತೆ ಹೋರಾಡುತ್ತವೆ. ಇನ್ನೊಂದು ಬಗೆಯ ಸಣ್ಣ ಕಣಗಳು ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸುತ್ತವೆ. ಕೆಂಪು ಕಣಗಳು ಪ್ರಾಣವಾಯು ಹೊರುತ್ತವೆ.

ನಮ್ಮ ಜಿಲ್ಲೆಯ ಸಂಡೂರು ಬೆಟ್ಟದ ಮಣ್ಣು ಕೆಂಪು. ಅದರಲ್ಲಿ ಕಬ್ಬಿಣ ಐತೆ. ರಕ್ತದ ಕೆಂಪಿನಲ್ಲೂ ಕಬ್ಬಿಣ ಐತೆ! ಕೆಂಪು ಕಣದ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕೇ ಬೇಕು. ಹಾಗಂತ ಮಣ್ಣು ತಿನ್ನಬಾರದು. ಮಣ್ಣಿನಿಂದ ಹೊಟ್ಟೆಗೆ ಹುಳ ಸೇರುತ್ತವೆ. ಮಣ್ಣು ತಿನ್ನುವ ಆಸೆ ಆದರೆ ಅದೇ ರಕ್ತ ಕಡಿಮೆ ಇರುವ ಗುರುತು ಇರಬಹುದು.

ರಕ್ತ ಕಡಿಮೆಯಾದರೆ

ಬುಟ್ಟಿ ಚಿಕ್ಕದಾದರೆ ಮಣ್ಣು ಹೊರಲು ಹೆಚ್ಚು ಸಲ ಓಡಾಡಬೇಕು. ಹಾಗೆಯೇ ಕಬ್ಬಿಣ ಕಡಿಮೆಯಾದರೆ ಗುಂಡಿಗೆ ಜೋರಾಗಿ ಬಡಿಯಬೇಕು. ಅದಕ್ಕೇ ಎದೆ ಢವಢವ ಅನ್ನುತ್ತದೆ. ದಮ್ಮು ಹತ್ತುತ್ತದೆ.

ಮುಟ್ಟಿನಲ್ಲಿ ತಿಂಗಳು ತಿಂಗಳು ರಕ್ತ ಹೋಗುತ್ತದೆ. ಬಸುರಿಯಾದಾಗ ಕೂಸಿಗೂ ರಕ್ತ ಬೇಕು. ಬಯಲಿಗೆ ಹೋಗುವ ಕಡೆ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳ ಪಾದದ ಚರ್ಮದಿಂದ ಒಳಗೆ ಹೋಗುತ್ತದೆ. ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವವರೂ ನಾವೇ. ರಕ್ತ ಹೇಗೆ ಕೂಡೀತು?

ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅದು ತಡೆಯೋದಿಲ್ಲ. ಜೀವಕ್ಕೇ ಅಪಾಯ.

ನಾವೇನು ಮಾಡೋಣ?

ರಕ್ತ ಪರೀಕ್ಷೆ ಮಾಡಿಸೋಣ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಬಸುರಿಯರಿಗೆ 11 ಗ್ರಾಂಗಿಂತ ಕಡಿಮೆ ಇರಬಾರದು. 7ಕ್ಕಿಂತ ಕಡಿಮೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಬಸುರಿಯರು 4ನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ ನುಂಗಬೇಕು. ಕಡಿಮೆ ಅಂದರೂ 180 ದಿನ. ಹೆರಿಗೆ ಆದ ಮೇಲೂ 180 ದಿನ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಾದರೆ ಹೆದರಿ ಬಿಡಬೇಡಿ. ಅದು ಕಬ್ಬಿಣದ ಬಣ್ಣ.

ನುಗ್ಗೆಸೊಪ್ಪು, ಸಜ್ಜೆರೊಟ್ಟಿ, ಕಾಳು ತಿನ್ನೋಣ. ಮಾಂಸ ತಿನ್ನುವವರು ಅದನ್ನೂ ತಿನ್ನಲಿ. ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳೋಣ. ಆಗ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಬೇಡ. ಚಹಾ ಕಬ್ಬಿಣ ಹತ್ತದಂತೆ ತಡೆಯುತ್ತದೆ. ಪಾಯಿಖಾನೆ ಬಳಸೋಣ. ಹೊರಗೆ ಹೋಗುವಾಗ ಚಪ್ಪಲಿ ಮೆಟ್ಟೋಣ. ಹುಳದ ಮಾತ್ರೆ ನುಂಗೋಣ. ಬಸುರಿಯರು ಮಾತ್ರ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿಯೇ ನುಂಗಬೇಕು.

ಕಾಲುವೆಗೆ ನೀರು ಬಿಡದಿದ್ದರೆ ನಾವು ಸುಮ್ಮನೆ ಕೂಡ್ತೀವಾ? ಹೋಗಿ ಕೇಳ್ತೀವಿ. ಮೈಯೊಳಗಿನ ಕಾಲುವೆ ಬಗ್ಗೆಯೂ ಕೇಳೋಣ. ನಾಳೆಯೇ ಹೋಗಿ, "ನನ್ನ ರಕ್ತ ಎಷ್ಟೈತೆ?" ಅಂತ ಕೇಳೋಣ. ಹೇಳಿದ ಅಂಕಿಯನ್ನು ನಮ್ಮ ಕೈಯಿಂದಲೇ ಚೀಟಿಯಲ್ಲಿ ಬರೆದುಕೊಳ್ಳೋಣ. ಈಗ ನಮಗೆ ಬರೆಯೋಕೆ ಬರ್ತದಲ್ಲ!