ಪ್ರತಿ ರೋಗಿಗೂ ವೈದ್ಯರೇ ಬೇಕೆ? ಡಾಕ್ಟರ್ ಹೊರೆಯನ್ನು ನರ್ಸ್, ಆಶಾ ಹಂಚಿಕೊಳ್ಳುವುದು ಹೇಗೆ?

ನವಿ ಮುಂಬೈ: ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಕುಟುಂಬಗಳು ಕೋಪರಖೈರಣೆಯಲ್ಲಿ ಸಾಕಷ್ಟಿವೆ. ಇಂಥ ಒಬ್ಬ ಕಾರ್ಮಿಕನಿಗೆ ಬಿಪಿ ಇದೆ, ಮಾತ್ರೆಯಿಂದ ಅದು ಹತೋಟಿಗೆ ಬಂದಿದೆ ಎಂದುಕೊಳ್ಳಿ. ಆದರೂ ಅದೇ ಮಾತ್ರೆಯನ್ನು ಮತ್ತೆ ಬರೆಸಿಕೊಳ್ಳಲು ಪ್ರತಿ ತಿಂಗಳು ವೈದ್ಯರ ಕೋಣೆಯ ಮುಂದೆ ಕ್ಯೂ ನಿಲ್ಲಬೇಕಾದರೆ ಅಂದಿನ ಕೂಲಿ ಹೋದಂತೆಯೇ. ನಾಲ್ಕಾರು ತಿಂಗಳು ಹೀಗೆ ಮಾಡಿ ಆತ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ಮತ್ತೆ ಆಸ್ಪತ್ರೆಗೆ ಬರುವುದು ಪಾರ್ಶ್ವವಾಯು ಬಡಿದಾಗ.

ಆ ಕ್ಯೂನಲ್ಲಿ ನಿಂತವರಲ್ಲಿ ಅನೇಕರಿಗೆ ಅಂದು ವೈದ್ಯರ ಅಗತ್ಯವೇ ಇರುವುದಿಲ್ಲ. ನಿಜಕ್ಕೂ ವೈದ್ಯರು ನೋಡಬೇಕಾದ ರೋಗಿಗೆ ಸಿಗುವುದು ಮಾತ್ರ ಒಂದೆರಡು ನಿಮಿಷ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡದ ಪ್ರಕಾರ ಸುಮಾರು 50,000 ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಅಷ್ಟು ಜನರನ್ನು ಒಂದಿಬ್ಬರು ವೈದ್ಯರೇ ನೋಡಿ ಮುಗಿಸುವುದು ಆಗದ ಮಾತು.

ಸಾತಾರಾದಲ್ಲಿ ಆಗಿದ್ದೇನು?

ಮಾಥಾಡಿಗಳಲ್ಲಿ ಬಹಳ ಮಂದಿಯ ಊರು ಸಾತಾರಾ ಜಿಲ್ಲೆ. ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮಹಾರಾಷ್ಟ್ರದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ಸಾತಾರಾ ಕೂಡ ಒಂದು. ಇದರ ಲೆಕ್ಕಾಚಾರ ಸರಳ. ಯಾವ ಮಾತ್ರೆ, ಎಷ್ಟು ಪ್ರಮಾಣ, ಬಿಪಿ ಇಳಿಯದಿದ್ದರೆ ಮುಂದಿನ ಹೆಜ್ಜೆ ಏನು ಎಂಬುದು ಮೊದಲೇ ಬರೆದಿಟ್ಟಿರುತ್ತದೆ. ರೋಗ ಗುರುತಿಸಿ ಚಿಕಿತ್ಸೆ ಆರಂಭಿಸುವುದು ವೈದ್ಯರು. ನಂತರ ಬಿಪಿ ಅಳೆಯುವುದು, ದಾಖಲಿಸುವುದು, ಹತೋಟಿಯಲ್ಲಿದ್ದರೆ ಮುಂದಿನ ತಿಂಗಳ ಮಾತ್ರೆ ಕೊಡುವುದು, ಬಾರದವರಿಗೆ ಫೋನ್ ಮಾಡಿ ಕರೆಯುವುದು ಇವೆಲ್ಲ ನರ್ಸ್ ಮತ್ತು ಇತರ ಸಿಬ್ಬಂದಿಯ ಕೆಲಸ. ಬಿಪಿ 180/110 ದಾಟಿದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ.

ಇಲ್ಲಿ ಗಮನಿಸಬೇಕಾದದ್ದು ಆ ಬರೆದಿಟ್ಟ ನಿಯಮ. ಅದಿಲ್ಲದೆ 'ನೀವೇ ನೋಡಿಕೊಳ್ಳಿ' ಎಂದರೆ ಅದು ಹೊರೆ ಹಂಚಿಕೆಯಲ್ಲ, ಜವಾಬ್ದಾರಿಯಿಂದ ಜಾರಿಕೊಳ್ಳುವುದು. ಸ್ಟಾಕ್‌ನಲ್ಲಿ ಮಾತ್ರೆಯೇ ಇಲ್ಲದಿದ್ದರಂತೂ ನರ್ಸ್ ಏನೂ ಮಾಡಲಾರರು.

ಮಹಾರಾಷ್ಟ್ರಕ್ಕೆ ಇದು ಹೊಸದೇನಲ್ಲ. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ 39 ಹಳ್ಳಿಗಳ ಮಹಿಳೆಯರಿಗೆ ನವಜಾತ ಶಿಶುಗಳ ಆರೈಕೆ ಕಲಿಸಿದರು. ಮಗುವಿನ ತೂಕ ನೋಡುವುದು, ಬೆಚ್ಚಗಿಡುವುದು ಮಾತ್ರವಲ್ಲ, ಸೋಂಕಿನ ಲಕ್ಷಣ ಕಂಡರೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡುವುದನ್ನೂ ಅವರು ಕಲಿತರು. ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು ಇತರ ಹಳ್ಳಿಗಳಿಗೆ ಹೋಲಿಸಿದರೆ ಶೇ. 62ರಷ್ಟು ಇಳಿದಿತ್ತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ಇಂದು ಆಶಾ ಕಾರ್ಯಕರ್ತೆಯರು ಹಸುಗೂಸಿನ ಮನೆಗೆ ಭೇಟಿ ನೀಡುತ್ತಾರಲ್ಲ, ಅದರ ಬೇರು ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಕೆಲಸ ಹಂಚಿಕೆ ಬಗ್ಗೆ ಮಾರ್ಗಸೂಚಿ ತಂದಿದ್ದು ಆಮೇಲೆ, 2008ರಲ್ಲಿ.

ನಗರದಲ್ಲೂ ಇದಕ್ಕೆ ದಾರಿ ಇದೆ. 30 ವರ್ಷ ದಾಟಿದವರ ಮನೆಗೆ ಹೋಗಿ ಆಶಾ ಒಂದು ಅರ್ಜಿ ತುಂಬುತ್ತಾರೆ. ತಂಬಾಕು, ಸೊಂಟದ ಸುತ್ತಳತೆ, ಕುಟುಂಬದಲ್ಲಿ ಬಿಪಿ-ಶುಗರ್ ಇತ್ಯಾದಿಗೆ ಅಂಕ. 4ಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ತಪಾಸಣೆಗೆ ಕಳಿಸಲಾಗುತ್ತದೆ. ಹೀಗಾದರೆ ಯಾರನ್ನು ಮೊದಲು ನೋಡಬೇಕು ಎಂಬುದು ವೈದ್ಯರಿಗೆ ಮುಂಚೆಯೇ ಗೊತ್ತಿರುತ್ತದೆ.

ಗೆರೆ ಎಲ್ಲಿ?

ಜಗಳ ಇರುವುದು ಔಷಧ ಬರೆಯುವ ಅಧಿಕಾರದಲ್ಲಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ 'ಸಮುದಾಯ ಆರೋಗ್ಯ ಸೇವಾದಾರ'ರಿಗೆ ಸೀಮಿತ ಪರವಾನಗಿ ನೀಡಲು ಅವಕಾಶ ಕೊಟ್ಟಾಗ ವೈದ್ಯರ ಸಂಘಟನೆಗಳು ಬೀದಿಗಿಳಿದಿದ್ದವು. 2025ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ವರ್ಷದ ಆಧುನಿಕ ಔಷಧ ಕೋರ್ಸ್ ಮಾಡಿದ ಹೋಮಿಯೋಪತಿ ವೈದ್ಯರನ್ನು ರಾಜ್ಯ ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಲು ಹೊರಟಾಗಲೂ ಭಾರತೀಯ ವೈದ್ಯಕೀಯ ಸಂಘ ವಿರೋಧಿಸಿತು. ಅರೆಬರೆ ತರಬೇತಿಯಿಂದ ರೋಗಿಗೆ ಅಪಾಯ ಎಂಬ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಹತೋಟಿಯಲ್ಲಿರುವ ಬಿಪಿ ರೋಗಿಗೆ ವೈದ್ಯರೇ ಬರೆದ ಮಾತ್ರೆಯನ್ನು ನರ್ಸ್ ಮತ್ತೆ ಕೊಡುವುದು ಬೇರೆ, ಹೊಸ ರೋಗಕ್ಕೆ ಸ್ವತಂತ್ರವಾಗಿ ಔಷಧ ಬರೆಯುವುದು ಬೇರೆ. ಚರ್ಚೆಯಲ್ಲಿ ಇವೆರಡೂ ಕಲಸಿಹೋಗಿವೆ.

ಇನ್ನೊಂದು ಪ್ರಶ್ನೆ ಸಂಬಳದ್ದು. ವೈದ್ಯರಿಂದ ಇಳಿದ ಹೊರೆ ಬೀಳುವುದು ಗೌರವಧನದಲ್ಲಿ ದುಡಿಯುವ ಆಶಾ ಮತ್ತು ಕಡಿಮೆ ಸಂಖ್ಯೆಯಲ್ಲಿರುವ ನರ್ಸ್‌ಗಳ ಮೇಲೆ. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು-ರಾತ್ರಿ ಧರಣಿ ಕೂತಿದ್ದು ಇದೇ ಗೌರವಧನಕ್ಕಾಗಿ.