ಬಸದಿ ಕಾಪಾಡಿದ ಗ್ರಂಥ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹಾದಿಯಲ್ಲಿ ಪುಂಜಾಲಕಟ್ಟೆ ಎಂಬ ಊರಿದೆ. ಅಲ್ಲಿಂದ ವಾಯವ್ಯಕ್ಕೆ, ಕಂಗಿನ ತೋಟಗಳನ್ನೂ ಗದ್ದೆಬಯಲುಗಳನ್ನೂ ದಾಟಿ ಕೆಲವು ಹರದಾರಿ ಸಾಗಿದರೆ ‘ಜೈನಕಾಶಿ’ಯೆಂದು ಹೆಸರಾದ ಮೂಡಬಿದಿರೆ ಸಿಗುತ್ತದೆ. ಹದಿನೆಂಟು ಬಸದಿಗಳ ಈ ಊರಿಗೆ ಬಂದ ಯಾತ್ರಿಕರು ಮೊದಲು ಧಾವಿಸುವುದು ಸಾವಿರ ಕಂಬದ ಬಸದಿಗೆ. 1430ರಲ್ಲಿ ನಿರ್ಮಾಣವಾದ ಆ ತ್ರಿಭುವನತಿಲಕ ಚೂಡಾಮಣಿಯ ಕಂಬಗಳ ಕೆತ್ತನೆಗೆ ಬೆರಗಾಗಿ, ಕಣ್ಣು ತುಂಬಿಕೊಂಡು, ಹಲವರು ಅಷ್ಟಕ್ಕೇ ಮರಳಿಬಿಡುತ್ತಾರೆ. ಅದಕ್ಕಿಂತ ಪುರಾತನವಾದ, ಹೊರನೋಟಕ್ಕೆ ಅಷ್ಟೇನೂ ಆಡಂಬರವಿಲ್ಲದ ಗುರು ಬಸದಿ ಸಮೀಪದಲ್ಲಿಯೇ ಇದೆ. ಇದಕ್ಕೆ ಸಿದ್ಧಾಂತ ಬಸದಿಯೆಂಬ ಇನ್ನೊಂದು ಹೆಸರೂ ಉಂಟು. ಆ ಹೆಸರಿನ ಹಿಂದೆ ಒಂದು ಧರ್ಮದ ನೆನಪೇ ಉಳಿದುಬಂದ ಕಥೆಯಿದೆ.

ಬಿದಿರ ಮೆಳೆಯ ನಡುವೆ

ಮೂಡು ಎಂದರೆ ಪೂರ್ವ. ಬಿದಿರೆ ಎಂದರೆ ಬಿದಿರು. ಸಂಸ್ಕೃತದಲ್ಲಿ ಈ ಊರನ್ನು ವೇಣುಪುರ, ವಂಶಪುರ ಎಂದು ಕರೆದಿರುವುದೂ ಇದರಿಂದಲೇ. ಶ್ರವಣಬೆಳಗೊಳದ ಕಡೆಯಿಂದ ಬಂದ ಮುನಿಯೊಬ್ಬರು ಇಲ್ಲಿನ ದಟ್ಟ ಬಿದಿರ ಮೆಳೆಯಲ್ಲಿ ಹುಲಿಯೂ ಹಸುವೂ ವೈರ ಮರೆತು ಜತೆಯಲ್ಲಿದ್ದುದನ್ನು ಕಂಡರಂತೆ. ಅಚ್ಚರಿಗೊಂಡು ಅಲ್ಲಿ ಹುಡುಕಿಸಿದಾಗ ಪಾರ್ಶ್ವನಾಥ ತೀರ್ಥಂಕರರ ಶಿಲಾಮೂರ್ತಿ ದೊರೆಯಿತೆಂದೂ, ಕ್ರಿ.ಶ. 714ರಲ್ಲಿ ಅದರ ಪ್ರತಿಷ್ಠೆಯಾಯಿತೆಂದೂ ಐತಿಹ್ಯ ಹೇಳುತ್ತದೆ. ಸುಮಾರು 12 ಅಡಿ ಎತ್ತರದ ಆ ಕರಿಯ ಕಲ್ಲಿನ ಮೂರ್ತಿ ಇಂದಿಗೂ ಗುರು ಬಸದಿಯಲ್ಲಿ ಪೂಜೆಗೊಳ್ಳುತ್ತಿದೆ.

ಆದರೆ ದೂರದೂರದ ಯಾತ್ರಿಕರು ಶತಮಾನಗಳ ಕಾಲ ಇಲ್ಲಿಗೆ ಬರುತ್ತಿದ್ದುದು ಮೂರ್ತಿಯ ದರ್ಶನಕ್ಕಾಗಿ ಮಾತ್ರವಲ್ಲ. ಓಲೆಗರಿಯ ಕೆಲವು ಕಟ್ಟುಗಳ ದರ್ಶನಕ್ಕಾಗಿಯೂ ಹೌದು. ಧವಲ, ಜಯಧವಲ, ಮಹಾಧವಲ ಎಂದು ಅವುಗಳ ಹೆಸರು.

ಅಳಿಯಲಿದ್ದ ಅರಿವು

ಮಹಾವೀರರ ಉಪದೇಶವು ಬಹುಕಾಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದುಬಂದ ವಿದ್ಯೆ. ತಲೆಮಾರು ಕಳೆದಂತೆ ನೆನಪು ಸವೆಯುತ್ತ ಬಂದಿತು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಸೌರಾಷ್ಟ್ರದ ಗಿರ್ನಾರ್ ಬೆಟ್ಟದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ತಮ್ಮೊಡನೆಯೇ ಈ ಅರಿವು ಅಳಿದುಹೋದೀತೆಂಬ ಚಿಂತೆ ಹತ್ತಿತು. ಅವರು ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡು ತಾವು ಬಲ್ಲುದೆಲ್ಲವನ್ನೂ ಕಲಿಸಿದರು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ. ಪುಷ್ಪದಂತರು ಕನ್ನಡ ನಾಡಿನ ಬನವಾಸಿ ಸೀಮೆಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರು. ಉಳಿದುದನ್ನು ಭೂತಬಲಿ ಪೂರ್ಣಗೊಳಿಸಿದರು. ಹೀಗೆ ಹುಟ್ಟಿದ್ದು ಆರು ಖಂಡಗಳ ‘ಷಟ್ಖಂಡಾಗಮ’. ಜೀವಕ್ಕೆ ಕರ್ಮ ಹೇಗೆ ಅಂಟುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಹೇಗೆ ಕಳಚುತ್ತದೆ ಎಂಬುದರ ಸೂಕ್ಷ್ಮಾತಿಸೂಕ್ಷ್ಮ ವಿಚಾರ ಅದರಲ್ಲಿದೆ. ದಿಗಂಬರ ಜೈನರಿಗೆ ಇದಕ್ಕಿಂತ ಪವಿತ್ರವಾದ ಗ್ರಂಥವಿಲ್ಲ.

ಇದರ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ಮಹಾವ್ಯಾಖ್ಯಾನವೇ ಧವಲ. 816ರಲ್ಲಿ ಮುಗಿದ ಅದರ ಗಾತ್ರ 72,000 ಶ್ಲೋಕಪ್ರಮಾಣ. ಭೂತಬಲಿಯವರ ಆರನೆಯ ಖಂಡವಾದ ಮಹಾಬಂಧವೇ ಮಹಾಧವಲವೆಂದು ಪ್ರಸಿದ್ಧವಾಯಿತು. ಗುಣಧರಾಚಾರ್ಯರ ‘ಕಸಾಯಪಾಹುಡ’ಕ್ಕೆ ವೀರಸೇನರು ಆರಂಭಿಸಿದ ಜಯಧವಲವೆಂಬ ವ್ಯಾಖ್ಯಾನವನ್ನು, ನೃಪತುಂಗನ ಆಳ್ವಿಕೆಯಲ್ಲಿ, 837ರಲ್ಲಿ ಅವರ ಶಿಷ್ಯ ಜಿನಸೇನರು ಮುಗಿಸಿದರು.

ಹನ್ನೆರಡನೆಯ ಶತಮಾನದ ಸುಮಾರಿಗೆ ಭಕ್ತಜನರು ಇವನ್ನು ಹಳೆಯ ಕನ್ನಡ ಲಿಪಿಯಲ್ಲಿ ಓಲೆಗರಿಗಳ ಮೇಲೆ ಬರೆಯಿಸಿದರು. ಕೆಲವು ಗರಿಗಳ ಮೇಲೆ ಬಣ್ಣದ ಚಿತ್ರಗಳೂ ಇವೆ. ಆದರೆ ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ನೇಮಿಚಂದ್ರರು ರಚಿಸಿದ ‘ಗೊಮ್ಮಟಸಾರ’ವೆಂಬ ಸಂಗ್ರಹವೇ ಅಭ್ಯಾಸಕ್ಕೆ ಸುಲಭವೆನಿಸಿ, ಮೂಲವನ್ನು ಓದುವವರು ಕ್ರಮೇಣ ಇಲ್ಲವಾದರು. ಬೇರೆಡೆಯ ಪ್ರತಿಗಳು ಕಾಣದಾದವು. ಉಳಿದದ್ದು ಮೂಡಬಿದಿರೆಯಲ್ಲಿ ಮಾತ್ರ. ಅಲ್ಲಿಯೂ ಅವು ಪೂಜೆಯ ವಸ್ತುಗಳು, ತೆರೆದು ಓದುವವರಿರಲಿಲ್ಲ.

ಜೆರೂಸಲೇಮಿನ ಗುಡಿ

ಗುಡಿಯು ಗ್ರಂಥಕ್ಕೆ ಮನೆಯಾದ ಇಂಥದೇ ಕಥೆ ಇಸ್ರಾಯೇಲ್ಯರ ಇತಿಹಾಸದಲ್ಲಿಯೂ ಇದೆ. ಜೆರೂಸಲೇಮಿನಲ್ಲಿ ಸೊಲೊಮೋನನು ಕಟ್ಟಿಸಿದ ದೇವಾಲಯದ ಅಂತರ್ಗೃಹದಲ್ಲಿ ದೇವಮೂರ್ತಿ ಇರಲಿಲ್ಲ. ಅಲ್ಲಿದ್ದುದು, ಅವರ ಧರ್ಮಗ್ರಂಥ ಹೇಳುವಂತೆ, ದಶಾಜ್ಞೆಗಳನ್ನು ಕೊರೆದ ಎರಡು ಶಿಲಾಫಲಕಗಳನ್ನು ಒಳಗೊಂಡ ಮಂಜೂಷ. ಮಹಾಯಾಜಕನ ಹೊರತು ಯಾರೂ ಅದರ ಬಳಿ ಸುಳಿಯುವಂತಿರಲಿಲ್ಲ. ಅವನಿಗೂ ಪ್ರವೇಶ ವರ್ಷಕ್ಕೆ ಒಂದೇ ದಿನ. ಮುಂದೆ ಯೋಷೀಯ ರಾಜನ ಕಾಲದಲ್ಲಿ, ಕ್ರಿ.ಪೂ. 622ರ ಸುಮಾರಿಗೆ, ಗುಡಿಯ ದುರಸ್ತಿ ನಡೆಯುತ್ತಿದ್ದಾಗ ಮಹಾಯಾಜಕ ಹಿಲ್ಕೀಯನಿಗೆ ಮರೆತುಹೋಗಿದ್ದ ಧರ್ಮಶಾಸ್ತ್ರದ ಗ್ರಂಥವೊಂದು ದೊರೆಯಿತೆಂದು ಅದೇ ಗ್ರಂಥ ಹೇಳುತ್ತದೆ. ಅದನ್ನು ಕೇಳಿದ ರಾಜನು ದುಃಖದಿಂದ ಬಟ್ಟೆ ಹರಿದುಕೊಂಡು, ಬಳಿಕ ಸಮಸ್ತ ಜನರನ್ನೂ ಕೂಡಿಸಿ ತಾನೇ ಓದಿ ಹೇಳಿದನು.

ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಆ ದೇವಾಲಯವನ್ನು ಸುಟ್ಟರು. ಮಂಜೂಷ ಮತ್ತೆ ಕಾಣಸಿಗಲಿಲ್ಲ. ಕ್ರಿ.ಪೂ. 515ರ ಸುಮಾರಿಗೆ ಪೂರ್ಣಗೊಂಡ ಎರಡನೆಯ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನರು ಕೆಡವಿದರು. ಗುಡಿ ಹೋಯಿತು, ಗ್ರಂಥ ಉಳಿಯಿತು. ಜನರು ಓದಿ, ಬರೆದು, ಮಕ್ಕಳಿಗೆ ಕಲಿಸಿದ್ದರಿಂದ ಉಳಿಯಿತು.

ಆ ಜನಾಂಗಕ್ಕೂ ತುಳುನಾಡಿಗೂ ಹಳೆಯ ನಂಟಿದೆ. ಮೂಡಬಿದಿರೆಯ ಓಲೆಗಳ ಕಾಲವೆನ್ನಲಾದ ಹನ್ನೆರಡನೆಯ ಶತಮಾನದಲ್ಲಿಯೇ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿದ್ದನು. ದೇವರ ಹೆಸರುಳ್ಳ ಕಾಗದವನ್ನು ಎಸೆಯಬಾರದೆಂಬ ನಿಯಮದಿಂದಾಗಿ ಅವನ ಓಲೆಗಳು ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಉಳಿದುಕೊಂಡವು. 1896ರ ಕೊನೆಯಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅಲ್ಲಿಗೆ ಹೋಗಿ ಆ ಕೋಣೆಯ ಬಹುಪಾಲು ಕಾಗದಗಳನ್ನು ಕೇಂಬ್ರಿಜಿಗೆ ತಂದನು. ಮೂಡಬಿದಿರೆಯ ಕಟ್ಟುಗಳು ಬಿಚ್ಚಿದ್ದೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ.

ಬಿಚ್ಚಿದ ಕಟ್ಟು

1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಈ ಓಲೆಗಳನ್ನು ಕಂಡರು. ಗರಿಗಳು ಜೀರ್ಣವಾಗುತ್ತಿದ್ದವು. ಅವರೂ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಪ್ರತಿ ಮಾಡಿಸಲು ಮುಂದಾದರು. ಸಿದ್ಧಾಂತ ಗ್ರಂಥ ಗೃಹಸ್ಥರ ಓದಿಗೆ ಸಲ್ಲದು, ಅನರ್ಹರ ಕೈಸೇರಿದರೆ ಅಪಚಾರವಾದೀತು ಎಂಬುದು ಆ ಕಾಲದ ನಂಬಿಕೆ. ಎಷ್ಟೋ ಮಾತುಕತೆಯ ಬಳಿಕ 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಶಾಸ್ತ್ರಿಗಳೂ ಬರೆಯತೊಡಗಿದರು. ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬುದು ಕರಾರು. ಎಲ್ಲ ಗ್ರಂಥಗಳ ಪ್ರತಿ ಮುಗಿಯುವಾಗ 1922 ಬಂದಿತ್ತು.

ಈ ನಡುವೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಕೊಟ್ಟ ಮಾತಿಗೆ ತಪ್ಪಿ ಬಂದದ್ದೆಂದು ಮಾಣಿಕಚಂದರೂ ಹೀರಾಚಂದರೂ ಅದನ್ನು ಕೊಳ್ಳಲೊಲ್ಲದೆ ಹೋದರು. ಕೊನೆಗೆ ಅದು ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಯಿತು. ಅಲ್ಲಿಂದ ಮತ್ತೊಂದು ಗುಟ್ಟಿನ ಪ್ರತಿಯ ಮೂಲಕ ಉತ್ತರ ಭಾರತದಲ್ಲಿ ಹರಡಿತು. ನಂಬಿಕೆಗೆ ದ್ರೋಹವೆನ್ನಬೇಕೆ, ಗ್ರಂಥಕ್ಕೆ ಉಪಕಾರವೆನ್ನಬೇಕೆ? ಎರಡೂ ನಿಜವೆಂದೇ ಹೇಳಬೇಕಾಗುತ್ತದೆ.

ಆ ಪ್ರತಿಗಳನ್ನು ಆಧರಿಸಿ 1939ರಲ್ಲಿ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ಧವಲದ ಮೊದಲ ಸಂಪುಟವನ್ನು ಹಿಂದೀ ಅನುವಾದದೊಡನೆ ಅಚ್ಚು ಮಾಡಿಸಿದರು. ನಕಲಿನ ನಕಲಿನಲ್ಲಿ ತಪ್ಪುಗಳು ನುಸುಳಿದ್ದುದು ಸಹಜ. ಆಗ ಮೂಡಬಿದಿರೆಯ ಮಠವು ಹಳೆಯ ಕಟ್ಟುಪಾಡನ್ನು ಸಡಿಲಿಸಿತು. ಮೂರನೆಯ ಸಂಪುಟದಿಂದ ಮುಂದಕ್ಕೆ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಸಾಧ್ಯವಾಯಿತು. 1958ರಲ್ಲಿ ಹದಿನಾರು ಸಂಪುಟಗಳೂ ಪೂರ್ಣಗೊಂಡವು. ಅಷ್ಟು ಕಾಲ ಬಾಗಿಲು ಮುಚ್ಚಿ ಕಾದವರು, ಬಾಗಿಲು ತೆರೆದೂ ಗ್ರಂಥವನ್ನು ಕಾಯಬಹುದೆಂದು ತೋರಿಸಿಕೊಟ್ಟರು.

ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಷಟ್ಖಂಡಾಗಮವು ಬರಹಕ್ಕಿಳಿದು ಪೂರ್ಣಗೊಂಡ ದಿನವದು. ಅಂದು ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ವಾಡಿಕೆಯಿದೆ. ಪೂಜೆ ಇಲ್ಲದಿದ್ದರೆ ಓಲೆಗಳು ಇಷ್ಟು ದಿನ ಉಳಿಯುತ್ತಿರಲಿಲ್ಲ. ಬರಿಯ ಪೂಜೆಯಷ್ಟೇ ಆಗಿದ್ದರೆ ಇಂದು ಅವನ್ನು ಓದಬಲ್ಲವರು ಇರುತ್ತಿರಲಿಲ್ಲ. ಸಾವಿರ ಕಂಬಗಳನ್ನು ನೋಡಿ ಬಂದವರು ಮರಳುವ ಮುನ್ನ ಗುರು ಬಸದಿಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ, ಈ ಎರಡು ಮಾತೂ ಮನಸ್ಸಿಗೆ ಬಂದಾವು.