ಧ್ವಜದಲ್ಲಿಲ್ಲದ ಖಾಕಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ರಾಷ್ಟ್ರಧ್ವಜದ ಫೋಟೊ ಒಂದನ್ನು ಕಂಪ್ಯೂಟರಿಗೆ ಕೊಟ್ಟು, ಇದರಲ್ಲಿ ಮುಖ್ಯವಾದ ಬಣ್ಣ ಯಾವುದು ಎಂದು ಕೇಳೋಣ. ಪೋಸ್ಟರು, ಮುಖಪುಟ, ಆಮಂತ್ರಣ ಪತ್ರಿಕೆ ಮಾಡುವವರಿಗೆಲ್ಲ ದಿನವೂ ಎದುರಾಗುವ ಪ್ರಶ್ನೆಯಿದು. ಚಿತ್ರದ ಬಣ್ಣ ಗೊತ್ತಾದರೆ ತಾನೇ ಅದಕ್ಕೊಪ್ಪುವ ಹಿನ್ನೆಲೆ, ಅಕ್ಷರ ಆರಿಸುವುದು?

ಕಂಪ್ಯೂಟರಿಗೆ ಬಣ್ಣವೆಂದರೆ ಮೂರು ಅಂಕಿ. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು 0ಯಿಂದ 255ರವರೆಗೆ ಲೆಕ್ಕ. ಪರದೆಯ ಮೇಲೆ ಸಾಮಾನ್ಯವಾಗಿ ಬಳಸುವ ಕೇಸರಿ 255, 153, 51. ಬಿಳಿ ಮೂರೂ 255. ಹಸಿರು 19, 136, 8. ಚಕ್ರವನ್ನು ಬಿಟ್ಟು ಮೂರು ಪಟ್ಟಿಗಳ ಸರಾಸರಿ ತೆಗೆಯಿರಿ: 176, 181, 105. ಹಸಿರು ಬೆರೆತ ಮಾಸಲು ಖಾಕಿ! ಧ್ವಜದ ಯಾವ ಎಳೆಯಲ್ಲೂ ಇಲ್ಲದ ಬಣ್ಣ. ಬಣ್ಣ ಹುಡುಕುವ ಕೆಲಸಕ್ಕೆ ಸರಾಸರಿ ಇಷ್ಟು ಕೆಟ್ಟ ಉಪಾಯ.

ಹಾಗಾಗಿ ಗುಂಪು ಕಟ್ಟುವ ದಾರಿ. ಮೂರು ಅಂಕಿಗಳನ್ನು ಒಂದು ಕೋಣೆಯ ಉದ್ದ, ಅಗಲ, ಎತ್ತರ ಎಂದುಕೊಂಡರೆ ಫೋಟೊದ ಪ್ರತಿ ಚುಕ್ಕೆಗೂ ಅಲ್ಲೊಂದು ಜಾಗ ಸಿಗುತ್ತದೆ. ಕೇಸರಿ ಚುಕ್ಕೆಗಳೆಲ್ಲ ಒಂದು ಕಡೆ ಮುತ್ತುತ್ತವೆ, ಹಸಿರಿನವು ಇನ್ನೊಂದು ಕಡೆ. ಕಂಪ್ಯೂಟರ್ ಮನಬಂದಲ್ಲಿ ಕೆಲವು ಕೇಂದ್ರಗಳನ್ನು ನೆಡುತ್ತದೆ. ಪ್ರತಿ ಚುಕ್ಕೆ ತನಗೆ ಹತ್ತಿರದ ಕೇಂದ್ರವನ್ನು ಸೇರುತ್ತದೆ, ಕೇಂದ್ರ ತನ್ನ ಗುಂಪಿನ ನಟ್ಟನಡುವೆ ಸರಿಯುತ್ತದೆ. ಯಾವುದೂ ಕದಲದಂತಾಗುವವರೆಗೆ ಇದೇ ಆಟ. ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಲಾಯ್ಡ್ 1957ರಲ್ಲಿ ಸಂಕೇತಗಳನ್ನು ಅಂಕಿಗಿಳಿಸಲು ಹೂಡಿದ ಲೆಕ್ಕವಿದು, ಅಚ್ಚಾದದ್ದು 1982ರಲ್ಲಿ. 

ಆದರೆ ಗಾಳಿಗೆ ಬಳುಕುವ ಬಟ್ಟೆ ಈ ಲೆಕ್ಕವನ್ನು ಕೆಡಿಸುತ್ತದೆ. ಮಡಿಕೆಯ ಒಳಗಿನ ಕೇಸರಿ ಕಂದಾಗಿ ಕಾಣುತ್ತದೆ, ಬಿಸಿಲು ಬಿದ್ದ ಕಡೆ ಹಳದಿಗೆ ತಿರುಗುತ್ತದೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಕೇಸರಿ, ಯಂತ್ರಕ್ಕೆ ಬೇರೆ ಬೇರೆ ಗುಂಪು. ಇದಕ್ಕೆ ಮದ್ದು 1976ರಲ್ಲಿ ಬಂದ ‘ಲ್ಯಾಬ್’ ಎಂಬ ಬಣ್ಣದ ಅಳತೆ. ಅದು ಹೊಳಪನ್ನು ಬೇರೆಯಾಗಿ, ಬಣ್ಣವನ್ನು ಬೇರೆಯಾಗಿ ಇಡುತ್ತದೆ. ಹೊಳಪಿಗೆ ಕಡಿಮೆ ಬೆಲೆ ಕೊಟ್ಟರೆ ನೆರಳು, ಬಿಸಿಲು ಎರಡೂ ಕೇಸರಿಯ ಗುಂಪಿಗೇ ಮರಳುತ್ತವೆ.

ಇನ್ನು ಅಶೋಕಚಕ್ರ. 900 ಮಿಲಿಮೀಟರ್ ಉದ್ದ, 600 ಅಗಲದ ಧ್ವಜದಲ್ಲಿ ಚಕ್ರದ ವ್ಯಾಸ 185. ಇಡೀ ವೃತ್ತವನ್ನು ಹಿಡಿದರೂ ನೂರಕ್ಕೆ ಐದು ಭಾಗ, ಅದರಲ್ಲೂ ನೀಲಿಯಿರುವುದು ಅಂಚು, ಗುಂಬ, 24 ಅರೆಗಳಲ್ಲಿ ಮಾತ್ರ. ಮೂರೇ ಗುಂಪು ಸಾಕೆಂದರೆ ನೀಲಿ ಬೇರೆಯವುಗಳಲ್ಲಿ ಕರಗಿ ಕಾಣೆಯಾಗುತ್ತದೆ. ಕಣ್ಣು ಮೊದಲು ಹೋಗುವುದಾದರೋ ಅಲ್ಲಿಗೇ. ಆದ್ದರಿಂದ ಒಳ್ಳೆಯ ವಿನ್ಯಾಸಕಾರರು ಗುಂಪುಗಳನ್ನು ಹೆಚ್ಚಾಗಿಯೇ ಕೇಳುತ್ತಾರೆ, ಜಾಗ ಕಡಿಮೆಯಿದ್ದರೂ ಎದ್ದು ಕಾಣುವ ಬಣ್ಣವನ್ನು ಕೈಬಿಡುವುದಿಲ್ಲ. ಎಷ್ಟು ಗುಂಪು ಎಂಬುದನ್ನು ಮನುಷ್ಯನೇ ಹೇಳಬೇಕು. ಈ ವಿದ್ಯೆಯ ಜೀವವೇ ಅಲ್ಲಿದೆ ಎಂದು ನನ್ನ ನಂಬಿಕೆ.

ಬೆಂಗೇರಿಯಲ್ಲಿ ಕೆಲಸ ನಡೆಯುವುದು ತಿರುಗುಮುರುಗಾಗಿ. ಅಲ್ಲಿ ಬಣ್ಣ ಮೊದಲೇ ನಿಗದಿಯಾಗಿದೆ, ಬಟ್ಟೆ ಅದಕ್ಕೆ ಹೊಂದಬೇಕು. ಭಾರತೀಯ ಮಾನಕ ಬ್ಯೂರೊದ ‘ಐಎಸ್ 1’ ಎಂಬ ಧ್ವಜದ ಮಾನಕ ಪ್ರತಿ ಬಣ್ಣವನ್ನೂ ಗೊತ್ತಾದ ಬೆಳಕಿನಡಿ ಅಳೆದ ಅಂಕಿಗಳಲ್ಲಿ ಬರೆದಿಟ್ಟಿದೆ. ಹೊಳಪು ಕೇಸರಿಗೆ 21.5, ಹಸಿರಿಗೆ 8.9, ಬಿಳಿಗೆ 72.6. ಪರದೆಯ 255ರ ಅಂಕಿಗೂ ಇದಕ್ಕೂ ಅಳತೆಯೇ ಬೇರೆ. ಧ್ವಜವನ್ನು ಚಿತ್ರಿಸುವವರು ಸಂಜೆಯ ಫೋಟೊದಿಂದ ಬಣ್ಣ ಹೆಕ್ಕದೆ ಈ ಅಂಕಿಗಳಿಂದಲೇ ಹೊರಡುವುದು ಸರಿ. ಫೋಟೊದಿಂದ ಹೆಕ್ಕಿದ್ದು ಧ್ವಜದ ಹಿಂದಿನ ಗೋಡೆಗೋ ಅಕ್ಷರಕ್ಕೋ ಒದಗಲಿ.